ಕಂಡವರ ಮಕ್ಕಳ ತರಲೆ: ಹೋಟೆಲು, ಬಸ್ಸು, ದೇವಸ್ಥಾನದಲ್ಲಿ ನಾವೇನು ಮಾಡಬಹುದು? ಸಮಗ್ರ ಮಾರ್ಗದರ್ಶಿ

ಭಾನುವಾರ ಬೆಳಗ್ಗೆ ಹತ್ತು ಗಂಟೆ. ನಮ್ಮ ಹೋಟೆಲಿನಲ್ಲಿ ಕೂರಲು ಜಾಗ ಇರಲಿಲ್ಲ. ಮೂರನೇ ಟೇಬಲ್ಲಿನ ಹುಡುಗ, ನಾಲ್ಕು ವರ್ಷ ಇರಬಹುದು, ಕೈ ತೊಳೆಯುವ ಜಾಗದಿಂದ ಗಲ್ಲಾ ತನಕ ಓಡುವುದು, ಗಲ್ಲಾ ಮುಟ್ಟಿ ವಾಪಸ್ ಓಡುವುದು. ಬಾಯಲ್ಲಿ ಬೈಕಿನ ಸದ್ದು. ಅಪ್ಪ ಫೋನ್ ನೋಡುತ್ತಿದ್ದರು. ಅಮ್ಮ ತೊಡೆ ಮೇಲಿದ್ದ ಕೂಸಿಗೆ ಇಡ್ಲಿ ತಿನ್ನಿಸುತ್ತಿದ್ದರು. ಅಡುಗೆಮನೆಯಿಂದ ನಮ್ಮ ಸಪ್ಲೈಯರ್ ಆರು ಕಾಫಿ ಹಿಡಿದು ಹೊರಗೆ ಬಂದ. ನಾನು ಗಲ್ಲಾದಿಂದಲೇ "ಏಯ್!" ಅಂತ ಜೋರಾಗಿ ಕೂಗಿದೆ.

ಹುಡುಗ ಬೆಚ್ಚಿ ನಿಂತ. ನಿಂತದ್ದು ಸರಿಯಾಗಿ ಸಪ್ಲೈಯರ್ ಕಾಲಿಗೆ ಅಡ್ಡ. ತಟ್ಟೆ ವಾಲಿತು. ಮಗುವಿನ ಮೇಲೆ ಬೀಳಬಾರದು ಅಂತ ಅವನು ತಟ್ಟೆಯನ್ನು ತನ್ನ ಕಡೆಗೇ ಎಳೆದುಕೊಂಡ. ಮೊಣಕೈಯಿಂದ ಮಣಿಕಟ್ಟಿನ ತನಕ ಬೊಬ್ಬೆ ಎದ್ದಿತು. ನಾನು ಕೂಗದೇ ಇದ್ದಿದ್ದರೆ ಹುಡುಗ ಅವನನ್ನು ದಾಟಿ ಹೋಗಿರುತ್ತಿದ್ದ. ಆ ಅಪ್ಪ-ಅಮ್ಮನನ್ನು ಬೈದುಕೊಂಡು ಎಷ್ಟೋ ದಿನ ಓಡಾಡಿದೆ. ಆಮೇಲೆ ಒಪ್ಪಿಕೊಂಡೆ, ಅರ್ಧ ತಪ್ಪು ನನ್ನದೇ.

ನಮ್ಮದು ಮೈಸೂರಿನಲ್ಲಿ, ಸರಸ್ವತಿಪುರಂ ಕಡೆಯ ಒಂದು ಸಣ್ಣ ತಿಂಡಿ ಹೋಟೆಲು. ಗಲ್ಲಾದಲ್ಲಿ ಕೂತು ನನಗೆ 14 ವರ್ಷ. ತವರು ಮಂಡ್ಯ ಕಡೆ. ಮದುವೆ, ನಾಮಕರಣ, ಬೀಗರೂಟ ಅಂತ ತಿಂಗಳಿಗೊಂದು ಸಲವಾದರೂ ಬಸ್ಸು, ರೈಲು, ಚೌಲ್ಟ್ರಿ ಇದ್ದದ್ದೇ. ನಾನು ಕಂಡಷ್ಟು ಕಂಡವರ ಮಕ್ಕಳನ್ನು ಸ್ಕೂಲ್ ಮೇಡಂಗಳೂ ಕಂಡಿರಲಿಕ್ಕಿಲ್ಲ. ಮಕ್ಕಳನ್ನು ಬೆಳೆಸುವುದು ಹೇಗೆ ಅಂತ ಪಾಠ ಮಾಡಲು ನಾನು ಕೂತಿಲ್ಲ. ಯಾರದೋ ಮಗು ನಿಮ್ಮ ಎದುರಿಗೆ ರಂಪ ಮಾಡುತ್ತಿದೆ, ಹೇಳುವವರಿಲ್ಲ ಕೇಳುವವರಿಲ್ಲ. ಮುಂದಿನ ಐದು ನಿಮಿಷ ಏನು ಮಾಡಬೇಕು? ಅಷ್ಟನ್ನು ಮಾತ್ರ ಹೇಳುತ್ತೇನೆ.

ಹಂತ 1: ಅಪಾಯವಾ, ನಷ್ಟವಾ, ಬರೀ ಕಿರಿಕಿರಿಯಾ?

ಎದ್ದು ಹೋಗುವ ಮೊದಲು ಇದನ್ನು ತೀರ್ಮಾನ ಮಾಡಿ. ಎರಡು ಸೆಕೆಂಡ್ ಸಾಕು.

ಅಳು, ಕಿರುಚಾಟ, ಸೀಟಿನ ಬೆನ್ನಿಗೆ ಒದೆಯುವುದು, ಫೋನಿನಲ್ಲಿ ಜೋರಾಗಿ ಕಾರ್ಟೂನ್ ಹಾಕುವುದು, ಇವೆಲ್ಲ ಕಿರಿಕಿರಿ. ನಿಜ ಹೇಳಬೇಕೆಂದರೆ ಹತ್ತರಲ್ಲಿ ಎಂಟು ಸಲ ಇರುವುದು ಇದೇ. ಅದರಲ್ಲೂ ಅರ್ಧವನ್ನು ಸಹಿಸಿಕೊಳ್ಳಬೇಕು. ನನ್ನ ಲೆಕ್ಕ ಇಷ್ಟು: ಇನ್ನು ಹತ್ತು ನಿಮಿಷದಲ್ಲಿ ನಾನೇ ಅಲ್ಲಿಂದ ಎದ್ದು ಹೋಗುವವಳಾದರೆ ಬಾಯಿ ಬಿಡುವುದಿಲ್ಲ. ಎರಡು ಗಂಟೆ ಪಕ್ಕದಲ್ಲೇ ಕೂರಬೇಕು ಅಂದರೆ ಮಾತಾಡುತ್ತೇನೆ. ಎರಡು ವರ್ಷದ ಕೂಸು ಅಳುತ್ತಿದ್ದರೆ ಎಷ್ಟು ಹೊತ್ತಾದರೂ ಸುಮ್ಮನಿರುತ್ತೇನೆ. ಅದರ ಅಮ್ಮನಿಗೆ ನನಗಿಂತ ಜಾಸ್ತಿ ಸಂಕಟ ಇರುತ್ತದೆ.

ಅಂಗಡಿಯ ಸಾಮಾನು ಎಳೆದಾಡುವುದು, ಪಾರ್ಕಿನ ಹೂ ಕೀಳುವುದು, ಗೋಡೆ ಮೇಲೆ ಗೀಚುವುದು ನಷ್ಟದ ಲೆಕ್ಕ. ಇಲ್ಲಿ ಮಾತಾಡಬೇಕು, ಆದರೆ ಓಡಿ ಹೋಗಬೇಕಾಗಿಲ್ಲ.

ನೀರು, ರಸ್ತೆ, ಬಿಸಿ, ಎತ್ತರ, ಪ್ರಾಣಿ. ಇವು ಅಪಾಯ. ಇಲ್ಲಿ ಯಾರ ಮಗು, ನನಗೇಕೆ ಅನ್ನುವ ಪ್ರಶ್ನೆಯೇ ಇಲ್ಲ. ಬೆಟ್ಟದಲ್ಲಿ ಚಿಪ್ಸ್ ಪ್ಯಾಕೆಟ್ ಹಿಡಿದು ಕೋತಿಗಳ ಮಧ್ಯೆ ನಿಂತ ಮಗು, ಬಸ್ಸಿನ ಫುಟ್‌ಬೋರ್ಡಿನಲ್ಲಿ ಜೋತು ಬಿದ್ದ ಹುಡುಗ, ರಂಗನತಿಟ್ಟಿನ ದೋಣಿಯಲ್ಲಿ ನೀರಿಗೆ ಕೈ ಅದ್ದುವ ಹುಡುಗಿ, ಎಲ್ಲ ಇದರಲ್ಲೇ ಬಂತು. ರಂಗನತಿಟ್ಟಿನ ಬಂಡೆ ಮೇಲೆ ಮಲಗಿರುವ ಮೊಸಳೆಗಳನ್ನು ಎಲ್ಲರೂ ಫೋಟೋ ತೆಗೆಯುತ್ತಾರೆ. ನೀರೊಳಗೂ ಅವು ಇರುತ್ತವೆ ಅನ್ನುವುದು ಮರೆತೇ ಹೋಗಿರುತ್ತದೆ.

ಹಂತ 2: ಅಪಾಯ ಇದ್ದರೆ, ಕೂಗಬೇಡಿ, ಹತ್ತಿರ ಹೋಗಿ

ಓಡುತ್ತಿರುವ ಮಗುವಿಗೆ ಹಿಂದಿನಿಂದ ಕೂಗಿದರೆ ಎರಡೇ ಆಗುವುದು. ಬೆಚ್ಚಿ ಅಲ್ಲೇ ನಿಲ್ಲುತ್ತದೆ, ಇಲ್ಲವೇ ಆಟ ಅಂದುಕೊಂಡು ಇನ್ನೂ ಜೋರಾಗಿ ಓಡುತ್ತದೆ. ಅದಕ್ಕೇ ಮಗು ಮತ್ತು ಅಪಾಯದ ಮಧ್ಯೆ ನೀವು ಹೋಗಿ ನಿಲ್ಲಿ. ರಸ್ತೆ ಕಡೆ ಓಡುತ್ತಿದ್ದರೆ ರಸ್ತೆಗೆ ಬೆನ್ನು ಹಾಕಿ, ಮಗುವಿಗೆ ಮುಖ ಕೊಟ್ಟು, ಎರಡೂ ಕೈ ಅಗಲ ಮಾಡಿ. ಎಷ್ಟೋ ಮಕ್ಕಳು ತಾವಾಗೇ ನಿಲ್ಲುತ್ತವೆ. ನಿಲ್ಲದಿದ್ದರೆ ಹಿಡಿಯಲೇಬೇಕು. ಆಗ ಮುಂಗೈ ಹಿಡಿದು ಜಗ್ಗಬೇಡಿ, ಚಿಕ್ಕ ಮಕ್ಕಳ ಮೊಣಕೈ ಕೀಲು ಬೇಗ ಜಾರುತ್ತದೆ. ಎದೆ ಸುತ್ತ ತೋಳು ಹಾಕಿ ತಡೆಯಿರಿ.

ಹಿಡಿದ ತಕ್ಷಣ ಅಕ್ಕಪಕ್ಕದವರಿಗೆ ಕೇಳುವ ಹಾಗೆ ಹೇಳಿ: "ಮಗು ರಸ್ತೆಗೆ ಓಡ್ತಿತ್ತು, ಹಿಡ್ಕೊಂಡಿದೀನಿ, ಯಾರ ಮಗು ಇದು?" ಇದು ಬಹಳ ಮುಖ್ಯ. ಗಂಡಸರಿಗಂತೂ ಇನ್ನೂ ಮುಖ್ಯ. ನಮ್ಮನೆಯವರು ಒಂದು ಸಲ ಮಾರ್ಕೆಟ್ ಹತ್ತಿರ ಒಂದು ಹುಡುಗಿಯನ್ನು ಆಟೋ ಎದುರಿಂದ ಎಳೆದುಕೊಂಡು, ಏನೂ ಮಾತಾಡದೆ ನಿಂತಿದ್ದರು. ಎರಡೇ ನಿಮಿಷಕ್ಕೆ ನಾಲ್ಕು ಜನ ಸುತ್ತುವರಿದು "ಯಾರ್ರೀ ನೀವು?" ಅಂತ ಶುರು ಮಾಡಿದರು. ಮಕ್ಕಳ ಕಳ್ಳರು ಅನ್ನುವ ಗಾಳಿಮಾತು ನಮ್ಮ ಕಡೆ ಎಷ್ಟು ಬೇಗ ಹಬ್ಬುತ್ತದೆ ಅಂತ ಗೊತ್ತಲ್ಲ.

ನೀರಿನ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಮಂಡ್ಯ ಜಿಲ್ಲೆಗೆ ಬರುವವರು ಮಕ್ಕಳನ್ನು ಬಿಡುವುದೇ ನೀರಿನ ಪಕ್ಕ. ಶ್ರೀರಂಗಪಟ್ಟಣದ ಸಂಗಮ, ನಿಮಿಷಾಂಬ ದೇವಸ್ಥಾನದ ಸೋಪಾನ, ಬಲಮುರಿ. ಬಲಮುರಿ ಇರುವುದು ಕೆಆರ್‌ಎಸ್ ಅಣೆಕಟ್ಟಿನ ಕೆಳಗಡೆ. ಮೇಲಿಂದ ನೀರು ಬಿಟ್ಟರೆ ಮೊಣಕಾಲು ಮಟ್ಟ ಇದ್ದದ್ದು ನೋಡನೋಡುತ್ತಾ ಏರುತ್ತದೆ. ಕಲ್ಲುಗಳಿಗೆ ಪಾಚಿ ಬೇರೆ. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವ ಹಾಗೆ ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಸದ್ದೇ ಇಲ್ಲದೆ ಒಳಗೆ ಹೋಗುತ್ತದೆ. ಆದ್ದರಿಂದ ನೀರಿನ ಹತ್ತಿರ ದೊಡ್ಡವರಿಲ್ಲದ ಮಗು ಕಂಡರೆ, ಅದು ಎಷ್ಟೇ ಜಾಣತನದಿಂದ ಆಡುತ್ತಿದ್ದರೂ, ಅವರ ಮನೆಯವರು ಬರುವ ತನಕ ಅಲ್ಲೇ ನಿಲ್ಲಿ. ನೀರಿಗೆ ಬಿದ್ದೇ ಬಿಟ್ಟರೆ, ಈಜು ಬಾರದವರು ಹಾರಬೇಡಿ. ಸೀರೆ, ವೇಲು, ಪಂಚೆ, ಉದ್ದದ ಕೋಲು, ಏನು ಸಿಕ್ಕರೂ ಚಾಚಿ. ಸಂಗಮದಲ್ಲಾದರೆ ತೆಪ್ಪದವರನ್ನು ಕೂಗಿ. ಇಲ್ಲಿ ಮಾತ್ರ ಕೂಗಿ, ಗಂಟಲು ಹರಿಯುವ ಹಾಗೆ ಕೂಗಿ.

ಬಿಸಿ ಬಿದ್ದರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಟೂತ್‌ಪೇಸ್ಟ್, ಶಾಯಿ, ಐಸ್ ಯಾವುದೂ ಬೇಡ. ನಮ್ಮ ಸಪ್ಲೈಯರ್ ಕೈಗೆ ಯಾರೋ ಗ್ರಾಹಕರು ಪೇಸ್ಟ್ ಹಚ್ಚಿಬಿಟ್ಟಿದ್ದರು. ಆಸ್ಪತ್ರೆಯಲ್ಲಿ ಅದನ್ನು ತೊಳೆದು ತೆಗೆಯುವಾಗ ಅವನು ಅನುಭವಿಸಿದ್ದು ಸುಟ್ಟದ್ದಕ್ಕಿಂತ ಜಾಸ್ತಿ.

ಹಂತ 3: ಯಾಕೆ ಹಾಗಾಡುತ್ತಿದೆ ಅಂತ ಒಮ್ಮೆ ನೋಡಿ

ಮೈಸೂರು ನೋಡಲು ಬರುವವರ ದಿನ ಹೇಗಿರುತ್ತದೆ ಗೊತ್ತಾ? ಬೆಂಗಳೂರಿನಿಂದ ಬೆಳಗ್ಗೆ ಐದಕ್ಕೆ ಹೊರಡುತ್ತಾರೆ. ಮದ್ದೂರಿನಲ್ಲಿ ವಡೆ ತಿನ್ನುತ್ತಾರೆ. ಹತ್ತಕ್ಕೆ ಅರಮನೆ. ಅಲ್ಲಿ ಚಪ್ಪಲಿ ಬಿಟ್ಟು, ಸಾಲಿನಲ್ಲಿ ನಡೆದು, ಏನನ್ನೂ ಮುಟ್ಟದೆ ನೋಡಬೇಕು. ಆಮೇಲೆ ಝೂ, 157 ಎಕರೆ, ಒಂದು ಸುತ್ತು ಬಂದರೆ ದೊಡ್ಡವರ ಕಾಲೇ ಬಿದ್ದುಹೋಗುತ್ತದೆ. ಮಧ್ಯಾಹ್ನ ಚಾಮುಂಡಿ ಬೆಟ್ಟ. ಸಂಜೆ ಬೃಂದಾವನ, ಕಾರಂಜಿ ನೋಡಲು ನೂಕುನುಗ್ಗಲು. ಭಾನುವಾರವಾದರೆ ಏಳು ಗಂಟೆಗೆ ಅರಮನೆಯ ದೀಪ ನೋಡಲೇಬೇಕು ಅಂತ ಮತ್ತೆ ವಾಪಸ್. ರಾತ್ರಿ ಎಂಟೂವರೆಗೆ ನಮ್ಮ ಹೋಟೆಲಿಗೆ ಬಂದು ಆ ಮಗು ನೆಲಕ್ಕೆ ಬಿದ್ದು ಹೊರಳಾಡಿದರೆ ಅದನ್ನು ಹಟಮಾರಿ ಅನ್ನಬೇಕಾ? ಐದು ವರ್ಷದ ಆ ಕಾಲುಗಳ ಜಾಗದಲ್ಲಿ ನಾನಿದ್ದರೆ ನಾನೂ ಹೊರಳಾಡುತ್ತಿದ್ದೆ.

ಹಸಿವು, ನಿದ್ದೆ, ಸೆಕೆ, ಒಂದಕ್ಕೆ ಹೋಗಬೇಕಿರುವುದು, ಬೇಜಾರು. ಐದರಲ್ಲಿ ಒಂದು ಇದ್ದೇ ಇರುತ್ತದೆ. ಒಂದರಿಂದ ಮೂರು-ನಾಲ್ಕು ವರ್ಷದ ತನಕ ರಚ್ಚೆ ಹಿಡಿಯುವುದು ಆ ವಯಸ್ಸಿನ ಸಹಜ ಗುಣ. ಆ ಹೊತ್ತಿನಲ್ಲಿ ಬುದ್ಧಿಮಾತು ಕಿವಿಗೇ ಹೋಗುವುದಿಲ್ಲ. ಸುಮ್ನೆ ಜಾಗ ಬಿಟ್ಟು ಕೊಡಿ.

ಇನ್ನೊಂದು ಮಾತು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಮಾತು ತಡವಾದ, ಕಿವಿ ಕೇಳದ, ಆಟಿಸಂ ಇರುವ ಮಕ್ಕಳನ್ನು ಕರೆದುಕೊಂಡು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅಂಥವರು ನಮ್ಮ ಹೋಟೆಲಿಗೂ ಬರುತ್ತಾರೆ. ಒಂದು ಹುಡುಗ ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದ. ಪಕ್ಕದ ಟೇಬಲ್ಲಿನವರು "ಸ್ವಲ್ಪ ಶಿಸ್ತು ಕಲಿಸಿ" ಅಂದರು. ಆ ತಾಯಿ ಏನೂ ಹೇಳದೆ ಅರ್ಧ ದೋಸೆ ಬಿಟ್ಟು ಎದ್ದರು. ನಾನು ಒಳಗೆ ಹೋಗಿ ಚಟ್ನಿ ರುಬ್ಬುವುದನ್ನು ನಿಲ್ಲಿಸಿದೆ. ಬಂದು ನೋಡಿದರೆ ಅವರು ಹೊರಟೇ ಹೋಗಿದ್ದರು. ಮಗುವಿನ ಮುಖ ನೋಡಿ ಎಲ್ಲ ಗೊತ್ತಾಗುವುದಿಲ್ಲ. "ಸದ್ದು ಜಾಸ್ತಿ ಆಯ್ತಾ? ಆ ಮೂಲೇಲಿ ಕೂರ್ತೀರಾ?" ಅಂತ ಕೇಳಿದರೆ ಮಾತ್ರ ಗೊತ್ತಾಗುತ್ತದೆ.

ಹಂತ 4: ಮಾತು ಮಗುವಿನಿಂದ ಶುರುವಾಗಲಿ

ಸಾಮಾನ್ಯವಾಗಿ ನಾವು ಮಾಡುವುದು ಉಲ್ಟಾ. ಮಗುವನ್ನು ದುರುಗುಟ್ಟಿ ನೋಡುತ್ತೇವೆ, ಅಪ್ಪ-ಅಮ್ಮನಿಗೆ ಕೇಳುವ ಹಾಗೆ ಪಕ್ಕದವರ ಹತ್ತಿರ ಗೊಣಗುತ್ತೇವೆ. ಅದರಿಂದ ಜಗಳ ಬಿಟ್ಟು ಬೇರೇನೂ ಆಗಲ್ಲ. ಆರೇಳು ವರ್ಷದ ಮಗುವಿಗೆ ಹೊರಗಿನವರೊಬ್ಬರು ಮರ್ಯಾದೆಯಿಂದ ಮಾತಾಡಿಸಿದರೆ ಅದೇ ಒಂದು ದೊಡ್ಡ ಸಂಗತಿ. ಮನೆಯವರ ನೂರು "ಬೇಡ"ಗಳನ್ನು ಕಿವಿ ಮೇಲೆ ಹಾಕಿಕೊಳ್ಳದ ಮಗು, ಗೊತ್ತಿಲ್ಲದವರ ಒಂದು ಮಾತಿಗೆ ಕಣ್ಣರಳಿಸಿ ನಿಲ್ಲುತ್ತದೆ.

ಹೇಗೆ ಅಂದರೆ, ಎರಡು ಹೆಜ್ಜೆ ದೂರದಲ್ಲಿ ಕುಕ್ಕರುಗಾಲಲ್ಲಿ ಕೂತುಕೊಳ್ಳಿ. ಮಗುವಿನ ಕಣ್ಣಿನ ಮಟ್ಟಕ್ಕೆ ನಿಮ್ಮ ಕಣ್ಣು ಬರಲಿ. ಮುಟ್ಟಬೇಡಿ. ದನಿ ಏರಿಸಬೇಡಿ, ಬದಲಿಗೆ ಇಳಿಸಿ. "ಪುಟ್ಟಾ", "ಮರಿ", ಮಂಡ್ಯ ಕಡೆಯಾದರೆ "ಮಗಾ". ಹೆಸರು ಕೇಳಿ. ಹೆಸರು ಹೇಳಿದ ಮಗು ಅರ್ಧ ನಿಮ್ಮ ಮಾತು ಕೇಳಿದ ಹಾಗೆ.

ಆಮೇಲೆ ಏನು ಮಾಡಬಾರದು ಅಂತ ಹೇಳಬೇಡಿ, ಏನು ಮಾಡಬೇಕು ಅಂತ ಹೇಳಿ. "ಓಡಬೇಡ" ಅಂದರೆ ಮಗುವಿನ ತಲೆಯಲ್ಲಿ ಉಳಿಯುವುದು ಓಟವೇ. "ಮೆಲ್ಲಗೆ ನಡ್ಕೊಂಡ್ ಬಾ, ನೋಡೋಣ" ಅನ್ನಿ. "ಕಿರುಚಬೇಡ" ಬದಲು "ನನ್ ಕಿವೀಲಿ ಹೇಳು". "ಮುಟ್ಟಬೇಡ" ಬದಲು "ಕೈ ಹಿಂದೆ ಕಟ್ಕೊಂಡು ನೋಡು, ನಾನೂ ಹಾಗೇ ನೋಡ್ತೀನಿ". ಕಾರಣವನ್ನೂ ಒಂದೇ ಸಾಲಿನಲ್ಲಿ ಹೇಳಿ. "ಆ ಅಣ್ಣನ ಕೈಲಿ ಬಿಸಿ ಕಾಫಿ ಇದೆ, ಚೆಲ್ಲಿದ್ರೆ ನಿಂಗೂ ಉರಿ, ಅವ್ರಿಗೂ ಉರಿ." ಇದಕ್ಕಿಂತ ಉದ್ದದ ಭಾಷಣ ವ್ಯರ್ಥ.

ಇಷ್ಟಕ್ಕೂ ಮಣಿಯದ ಮಗುವಿಗೆ ನನ್ನ ಹತ್ತಿರ ಇರುವ ಮದ್ದು ಒಂದೇ: ಕೆಲಸ ಕೊಡುವುದು.

ಹೋದ ವರ್ಷ ಮಂಡ್ಯದ ಒಂದು ಚೌಲ್ಟ್ರಿಯಲ್ಲಿ ನಮ್ಮ ಸಂಬಂಧಿಕರ ಮದುವೆ. ಮೊದಲ ಪಂಕ್ತಿ ಕೂತಿದೆ. ಎಲೆಗಳ ಸಾಲಿನ ಮಧ್ಯೆ ಏಳು ವರ್ಷದ ಒಬ್ಬ ಹುಡುಗ ಟವೆಲ್ ಬೀಸಿಕೊಂಡು ಓಡುತ್ತಿದ್ದ. ಸಾರಿನ ಬಕೆಟ್ ಹಿಡಿದವರು ಎರಡು ಸಲ ತಪ್ಪಿಸಿಕೊಂಡರು. ನಾನು ಅವನ ಮುಂದೆ ಕೂತು "ಏನ್ ಮಗಾ ನಿನ್ ಹೆಸ್ರು?" ಅಂದೆ. ಹೇಳಿದ. "ನಂಗೊಂದು ಸಹಾಯ ಆಗ್ಬೇಕಲ್ಲ. ಎಲೆಗೆಲ್ಲ ಉಪ್ಪು ಬಡಿಸೋಕೆ ಜನ ಇಲ್ಲ. ನಿನ್ ಕೈಲಿ ಆಯ್ತದಾ?" ಅವನು ನನ್ನ ಮುಖ ನೋಡಿದ, ತಮಾಷೆ ಮಾಡ್ತಿದಾಳಾ ಅಂತ. ಬಡಿಸುವವರ ಹತ್ತಿರ ಉಪ್ಪಿನ ಬಟ್ಟಲು, ಸ್ಪೂನು ಈಸಿಕೊಂಡು ಕೊಟ್ಟೆ. ಅಷ್ಟು ಹೊತ್ತು ಗಾಳಿಪಟವಾಗಿದ್ದ ಹುಡುಗ ಬಟ್ಟಲನ್ನು ಎದೆಗೆ ಒತ್ತಿಕೊಂಡು, ಒಂದೊಂದು ಎಲೆಯ ಮುಂದೂ ಬಗ್ಗಿ, ನಾಲಿಗೆ ಕಚ್ಚಿಕೊಂಡು, ಎಡಗಡೆ ತುದಿಗೆ ಚಿಟಿಕೆ ಉಪ್ಪು ಹಾಕುತ್ತಾ ಹೋದ. ಎರಡು ಸಾಲು ಮುಗಿಸಿದ. ಯಾರೋ ತಾತ "ನಂಗೆ ಬಿಪಿ ಕಣಪ್ಪ, ಬ್ಯಾಡ" ಅಂದರೆ "ಒಂಚೂರು ತಾತ" ಅಂತ ಹಾಕಿಯೇ ಬಿಟ್ಟ. ಪಂಕ್ತಿ ಏಳುವ ತನಕ ಓಡಲಿಲ್ಲ.

ಹೋಟೆಲಿನಲ್ಲಿ ನಾನು ಟೋಕನ್ ಎಣಿಸಲು ಕೊಡುತ್ತೇನೆ. ರೈಲಿನಲ್ಲಿ ಮುಂದಿನ ಸ್ಟೇಷನ್ ಯಾವುದು ಅಂತ ಬೋರ್ಡ್ ಓದಿ ಹೇಳುವ ಕೆಲಸ. ಪಾಂಡವಪುರ, ಶ್ರೀರಂಗಪಟ್ಟಣ ಅಂತ ಅಕ್ಷರ ಕೂಡಿಸಿ ಕೂಡಿಸಿ ಓದುವಷ್ಟರಲ್ಲಿ ಮೈಸೂರೇ ಬಂದಿರುತ್ತದೆ. ಬಸ್ಸಿನಲ್ಲಿ ಕೆಂಪು ಕಾರು ಎಷ್ಟು ಅಂತ ಲೆಕ್ಕ. ಕೆಲಸ ನಿಜವಾಗಿ ಬೇಕಾದದ್ದು ಅನ್ನಿಸಬೇಕು, ಅಷ್ಟೇ. ಸುಮ್ನೆ ಹೇಳ್ತಿದಾರೆ ಅಂತ ಮಕ್ಕಳಿಗೆ ತಟ್ಟನೆ ಗೊತ್ತಾಗಿಬಿಡುತ್ತದೆ.

ಗುಮ್ಮ, ಇಂಜೆಕ್ಷನ್, ಪೊಲೀಸ್ ಅಂತ ಮಾತ್ರ ಹೆದರಿಸಬೇಡಿ. "ಪೊಲೀಸ್ ಮಾಮಂಗೆ ಹಿಡ್ಕೊಡ್ತೀನಿ" ಅನ್ನುವ ಮಾತು ಕೇಳಿ ಬೆಳೆದ ಮಗು ದಸರಾ ಜಾತ್ರೆಯಲ್ಲಿ ತಪ್ಪಿಸಿಕೊಂಡರೆ ಖಾಕಿ ಕಂಡ ಕಡೆಯಿಂದ ಓಡಿಹೋಗುತ್ತದೆ. ಸಹಾಯ ಮಾಡುವವರಿಂದಲೇ ಬಚ್ಚಿಟ್ಟುಕೊಳ್ಳುತ್ತದೆ.

ಹಂತ 5: ದೊಡ್ಡವರಿಗೆ ಹೇಳುವ ಕಲೆ

ಇದು ಎಲ್ಲಕ್ಕಿಂತ ಕಷ್ಟದ್ದು. "ನಿಮ್ಮ ಮಗೂನ ಸ್ವಲ್ಪ ಕಂಟ್ರೋಲ್ ಮಾಡ್ರೀ" ಅಂದ ಕ್ಷಣ ಎದುರಿನವರಿಗೆ ಕೇಳಿಸುವುದು "ನಿಮಗೆ ಮಗು ಬೆಳೆಸೋಕೆ ಬರಲ್ಲ" ಅಂತ. ಆಮೇಲೆ ಅವರು ಮಗುವಿನ ಪರ ವಕಾಲತ್ತು ಶುರು ಮಾಡುತ್ತಾರೆ. ಮಗು ಅದನ್ನು ನೋಡುತ್ತಾ ನಿಂತಿರುತ್ತದೆ.

ಮೊದಲು ಯಾರಿಗೆ ಹೇಳಬೇಕು ಅಂತ ಆರಿಸಿಕೊಳ್ಳಿ. ಫೋನಿನಲ್ಲಿ ಮುಳುಗಿದ ಅಪ್ಪನಿಗೆ ಹೇಳಿದರೆ ಅವರು ಎದ್ದು ಮಗುವಿಗೆ ಎರಡು ಬಿಡುವ ಸಂಭವ ಇದೆ. ಅದು ನಿಮಗೆ ಬೇಕಾಗಿಲ್ಲ. ಅಮ್ಮನಿಗೆ ಹೇಳಿದರೆ ಇಡೀ ಮನೆಯ ತಪ್ಪು ಅವರ ತಲೆ ಮೇಲೆ ಬೀಳುತ್ತದೆ. ಗುಂಪಿನಲ್ಲಿ ಅಜ್ಜಿ ಇದ್ದರೆ ನಾನು ಅಜ್ಜಿಯನ್ನು ಹಿಡಿಯುತ್ತೇನೆ. ಅಜ್ಜಿಗೆ ಮಾತು ಬೇಸರ ಆಗುವುದೂ ಕಮ್ಮಿ, ಮಗು ಕೇಳುವುದೂ ಅವರ ಮಾತನ್ನೇ.

ಮಾತಿನಲ್ಲಿ ಮಗುವಿನ ಗುಣ ಬರಬಾರದು, ವಸ್ತು ಬರಬೇಕು. "ಅಕ್ಕಾ, ಸಾಂಬಾರ್ ಬಕೆಟ್ ಬರ್ತಾ ಇದೆ, ಪಾಪುನ ಒಂದ್ನಿಮಿಷ ಹತ್ರ ಕೂರಿಸ್ಕೊಳ್ತೀರಾ?" ಇದರಲ್ಲಿ ತಪ್ಪು ಸಾಂಬಾರಿನದು. ಬಸ್ಸಿನಲ್ಲಿ "ಸರ್, ನನಗೆ ಬೆನ್ನು ನೋವು, ಸೀಟಿಗೆ ಒದೆ ಬಿದ್ರೆ ತಡ್ಕೊಳಕ್ಕಾಗ್ತಿಲ್ಲ". ತಪ್ಪು ನನ್ನ ಬೆನ್ನಿನದು. ಒಂಚೂರು ನಾಟಕವೇ, ಇರಲಿ ಬಿಡಿ. ಫೋನಿನ ಸದ್ದಿಗೆ "ಇಯರ್‌ಫೋನ್ ಇಲ್ವಾ? ನನ್ನ ಹತ್ರ ಒಂದಿದೆ, ಕೊಡ್ಲಾ?" ಅಂದರೆ ಹತ್ತರಲ್ಲಿ ಒಂಬತ್ತು ಜನ ನಾಚಿಕೊಂಡು ಸೌಂಡ್ ಕಮ್ಮಿ ಮಾಡುತ್ತಾರೆ.

ಅದೇ ಚೌಲ್ಟ್ರಿಯಲ್ಲಿ ಉಪ್ಪಿನ ಹುಡುಗನ ತಾಯಿಗೂ ಮೊದಲು ಹೇಳಿದ್ದೆ. ಅವರು "ಅಯ್ಯೋ, ನನ್ ಮಾತ್ ಎಲ್ಲಿ ಕೇಳ್ತಾನೆ ಕಣವ್ವ, ನೀನೇ ಹೇಳು" ಅಂದರು. ಮಂಡ್ಯ ಕಡೆ ಈ ಮಾತು ಬಹಳ ಸಲ ಬರುತ್ತದೆ. ಅದನ್ನು ಜವಾಬ್ದಾರಿಯಿಂದ ಕೈ ತೊಳೆದುಕೊಂಡರು ಅಂತ ತಿಳಿಯಬೇಡಿ. ಅದು ಅನುಮತಿ. ಧೈರ್ಯವಾಗಿ ಮಗುವಿನ ಹತ್ತಿರ ಹೋಗಿ.

"ಮಕ್ಕಳಲ್ವಾ, ಬಿಡಿ" ಅನ್ನುವವರು ಸಿಗುತ್ತಾರೆ. ಅವರ ಜೊತೆ ವಾದ ಬೇಡ. "ಹೌದು, ಮಕ್ಕಳೇ. ಅದಕ್ಕೇ ಹೆದರಿಕೆ, ಬಿಸಿ ಬಿದ್ರೆ ಅವಕ್ಕೆ ತಡ್ಕೊಳಕ್ಕಾಗಲ್ಲ" ಅಂತ ಅವರ ಮಾತನ್ನೇ ವಾಪಸ್ ಕೊಡಿ. "ನಿಮಗೇನು ಕಷ್ಟ?" ಅಂತ ಏರಿ ಬಂದರೆ ಒಂದೇ ಸಲ ಕಾರಣ ಹೇಳಿ, ಜಾಗ ಬದಲಿಸಿ. ಎರಡನೇ ಸಲ ಹೇಳಿದರೆ ಅದು ಜಗಳ. ನಾನು ಒಂದು ಸಲ ಮೂರು ಸಲ ಹೇಳಿ ನೋಡಿದ್ದೇನೆ. ಅವತ್ತು ಬಿಲ್ಲೂ ಬರಲಿಲ್ಲ.

ಹಂತ 6: ಯಾರ ಜಾಗವೋ ಅವರನ್ನು ಕರೆಯಿರಿ

ನಿಮ್ಮ ಮಾತು ನಡೆಯದಿದ್ದರೆ ಆ ಜಾಗ ನೋಡಿಕೊಳ್ಳುವವರಿಗೆ ಹೇಳಿ. ಬಸ್ಸಿನಲ್ಲಿ ಕಂಡಕ್ಟರ್, ಫುಟ್‌ಬೋರ್ಡ್ ವಿಷಯಕ್ಕೆ ಅವರು ಸೀಟಿ ಊದಿ ಬಸ್ಸನ್ನೇ ನಿಲ್ಲಿಸಬಲ್ಲರು. ರೈಲಿನಲ್ಲಿ ಟಿಟಿಇ, ಇಲ್ಲದಿದ್ದರೆ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್. ಚೈನ್ ಹತ್ತಿರ ನೇತಾಡುವ ಮಕ್ಕಳ ಅಪ್ಪ-ಅಮ್ಮನಿಗೆ ಇದನ್ನು ಹೇಳಬಹುದು: ಕಾರಣವಿಲ್ಲದೆ ಚೈನ್ ಎಳೆದರೆ 1989ರ ರೈಲ್ವೆ ಕಾಯ್ದೆಯ 141ನೇ ಸೆಕ್ಷನ್ ಪ್ರಕಾರ ಒಂದು ವರ್ಷದ ತನಕ ಜೈಲು ಅಥವಾ 1000 ರೂಪಾಯಿ ತನಕ ದಂಡ, ಅಥವಾ ಎರಡೂ ಆಗಬಹುದು. ಮಗು ಎಳೆದರೂ ಇಡೀ ರೈಲು ನಿಲ್ಲುತ್ತದೆ, ಗಾರ್ಡ್ ಬಂದು ಕೇಳುವುದು ದೊಡ್ಡವರನ್ನೇ.

ಝೂನಲ್ಲಿ ಮಕ್ಕಳು ಕಲ್ಲೆಸೆದರೆ, ಬೋನಿನ ಮುಂದೆ ಕಿರುಚಿದರೆ ಅದು ಬರೀ ತುಂಟತನದಲ್ಲಿ ಮುಗಿಯುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38ಜೆ ಸೆಕ್ಷನ್ ಮೃಗಾಲಯದ ಪ್ರಾಣಿಗಳನ್ನು ಕೆಣಕುವುದು, ತಿನ್ನಿಸುವುದು, ಗಲಾಟೆ ಮಾಡಿ ತೊಂದರೆ ಕೊಡುವುದು, ಕಸ ಹಾಕುವುದು ಎಲ್ಲವನ್ನೂ ನಿಷೇಧಿಸುತ್ತದೆ. ಅಲ್ಲಿನ ಸಿಬ್ಬಂದಿಗೆ ಹೇಳಿದರೆ ಅವರು ಸುಮ್ಮನಿರುವುದಿಲ್ಲ. ಆದರೆ ಮಕ್ಕಳ ಗುಂಪಿಗೆ ನಾನು ಕಾನೂನು ಹೇಳುವುದಿಲ್ಲ. "ಸುಮ್ನೆ ಎರಡು ನಿಮಿಷ ಕೂತ್ಕೊಳಿ, ಅದು ತಾನಾಗೇ ಈಚೆ ಬರುತ್ತೆ" ಅನ್ನುತ್ತೇನೆ. ಒಂದೊಂದು ಸಲ ನಿಜವಾಗಿಯೂ ಬರುತ್ತದೆ.

ದೇವಸ್ಥಾನದ ಸಾಲಿನಲ್ಲಿ ಹೆಚ್ಚು ಹೇಳುವುದಿಲ್ಲ. ಮಗು ಎತ್ತಿಕೊಂಡವರನ್ನು ಮುಂದೆ ಬಿಟ್ಟುಬಿಡಿ. ನಿಮ್ಮ ಎದುರಿನ ಗಲಾಟೆ ಹತ್ತು ನಿಮಿಷ ಬೇಗ ಮುಗಿಯುತ್ತದೆ, ಪುಣ್ಯವೂ ಬರುತ್ತದೆ.

ಹಂತ 7: ಜೊತೆಗೆ ಯಾರೂ ಇಲ್ಲದ ಮಗು

ತರಲೆ ಮಾಡುತ್ತಿದ್ದ ಮಗುವಿನ ಹತ್ತಿರ ಹೋದಾಗ ಕೆಲವು ಸಲ ಗೊತ್ತಾಗುತ್ತದೆ, ಇದಕ್ಕೆ ಇಲ್ಲಿ ಯಾರೂ ಇಲ್ಲ. ಆಗ ಮಗುವನ್ನು ಕರೆದುಕೊಂಡು ಹುಡುಕಲು ಹೊರಡಬೇಡಿ. ಅದು ಕಳೆದುಹೋದ ಜಾಗಕ್ಕೇ ಮನೆಯವರು ವಾಪಸ್ ಬರುತ್ತಾರೆ. ಅಲ್ಲೇ, ಎಲ್ಲರ ಕಣ್ಣಿಗೆ ಕಾಣುವ ಹಾಗೆ ನಿಲ್ಲಿ. ಇನ್ನೊಬ್ಬರನ್ನು, ಸಾಧ್ಯವಾದರೆ ಹೆಂಗಸರೊಬ್ಬರನ್ನು, ಜೊತೆಗೆ ಕರೆದುಕೊಳ್ಳಿ. "ಅಮ್ಮ ಯಾವ ಬಣ್ಣದ ಸೀರೆ ಉಟ್ಟಿದಾರೆ?" ಅಂತ ಕೇಳಿ. "ಅಮ್ಮನ ಹೆಸರೇನು?" ಅಂದರೆ ಚಿಕ್ಕ ಮಕ್ಕಳು "ಅಮ್ಮ" ಅಂತಲೇ ಹೇಳುತ್ತವೆ!

ಯಾರಾದರೂ ಬಂದು "ನಮ್ಮ ಮಗು" ಅಂದರೆ ಹಾಗೇ ಕೊಟ್ಟುಬಿಡಬೇಡಿ. ಮಗುವಿನ ಮುಖ ನೋಡಿ, ಫೋನಿನಲ್ಲಿರುವ ಫೋಟೋ ಕೇಳಿ. ಹದಿನೈದು ಇಪ್ಪತ್ತು ನಿಮಿಷವಾದರೂ ಯಾರೂ ಬಾರದಿದ್ದರೆ ತುರ್ತು ಸಹಾಯದ ನಂಬರ್ 112 ಅಥವಾ ಮಕ್ಕಳ ಸಹಾಯವಾಣಿ 1098. ಎರಡೂ ದಿನದ 24 ಗಂಟೆ ಇರುತ್ತವೆ, ದುಡ್ಡು ಕಟ್ಟಾಗುವುದಿಲ್ಲ. ಒಂಟಿಯಾಗಿ ಸಿಕ್ಕ ಮಗುವಿನ ಬಗ್ಗೆ 24 ಗಂಟೆಯೊಳಗೆ ಪೊಲೀಸರಿಗೋ, ಸಹಾಯವಾಣಿಗೋ, ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಲೇಬೇಕು ಅಂತ 2015ರ ಬಾಲನ್ಯಾಯ ಕಾಯ್ದೆಯ 32ನೇ ಸೆಕ್ಷನ್ ಹೇಳುತ್ತದೆ. ಪಾಪ ಅಂತ ಮನೆಗೆ ಕರೆದುಕೊಂಡು ಹೋಗಿ ಊಟ ಹಾಕಿ ಮಲಗಿಸುವುದು ಒಳ್ಳೆ ಮನಸ್ಸೇ ಇರಬಹುದು, ಆದರೆ ಅದನ್ನು ಮಾಡಬೇಡಿ.

ದಸರಾಕ್ಕೆ ಮಕ್ಕಳನ್ನು ಕರೆತರುವ ನಮ್ಮ ನೆಂಟರಿಗೆಲ್ಲ ನಾನು ಹೇಳುವುದು ಒಂದೇ. ಮಗುವಿನ ಮುಂಗೈ ಮೇಲೆ ಬಾಲ್‌ಪೆನ್ನಿನಲ್ಲಿ ಫೋನ್ ನಂಬರ್ ಬರೆಯಿರಿ. ಜೇಬಿನ ಚೀಟಿ ಬಿದ್ದುಹೋಗುತ್ತದೆ.

ಇವನ್ನು ಮಾಡಲೇಬೇಡಿ

ಹೊಡೆಯಬೇಡಿ. ಒಂದು ಚಿಕ್ಕ ಏಟು, ಕಿವಿ ಹಿಂಡುವುದು, ಯಾವುದೂ ಬೇಡ. ಮೊದಲೆಲ್ಲ ಊರಿನಲ್ಲಿ ಯಾರ ಮಗುವಿಗೆ ಯಾರು ಬೇಕಾದರೂ ಹೊಡೆಯುತ್ತಿದ್ದರು, ನಾನೂ ತಿಂದಿದ್ದೇನೆ. ಈಗ ಹೊಡೆದರೆ ಕೇಸು ಆಗುವುದು ನಿಮ್ಮ ಮೇಲೆ. ಮಗುವಿನ ಮೇಲೆ ಕಂಪ್ಲೇಂಟ್ ಕೊಡ್ತೀನಿ ಅನ್ನುವುದು ಖಾಲಿ ಬೆದರಿಕೆ. 7 ವರ್ಷದೊಳಗಿನ ಮಗು ಮಾಡಿದ್ದು ಯಾವುದೂ ಅಪರಾಧ ಅಲ್ಲ ಅಂತ ಭಾರತೀಯ ನ್ಯಾಯ ಸಂಹಿತೆಯ 20ನೇ ಸೆಕ್ಷನ್ ಹೇಳುತ್ತದೆ. 7ರಿಂದ 12ರ ತನಕ ಮಗುವಿಗೆ ತಾನು ಮಾಡಿದ್ದೇನು ಅಂತ ತಿಳಿಯುವಷ್ಟು ಬುದ್ಧಿ ಬಲಿತಿತ್ತಾ ಅಂತ ನೋಡುತ್ತಾರೆ, ಅದು 21ನೇ ಸೆಕ್ಷನ್.

ವಿಡಿಯೋ ಮಾಡಿ ಹಾಕಬೇಡಿ. ಆ ಮಗು ನಾಳೆ ಸ್ಕೂಲಿಗೆ ಹೋಗಬೇಕು.

ಚಾಕ್ಲೆಟ್ ಕೊಟ್ಟು ಸುಮ್ಮನಾಗಿಸಬೇಡಿ. ಗೊತ್ತಿಲ್ಲದವರು ಕೊಟ್ಟದ್ದು ತಿನ್ನಬಾರದು ಅಂತ ಮನೆಯಲ್ಲಿ ಹೇಳಿಕೊಟ್ಟಿರುತ್ತಾರೆ, ಅದನ್ನು ನೀವು ಮರೆಸಿದ ಹಾಗೆ. ಕಡಲೆಬೀಜ ಮೈಗಾಗದ ಮಕ್ಕಳೂ ಇರುತ್ತವೆ. ನಾನು ಹೋಟೆಲಿನವಳು, ಆದರೂ ಕೇಳದೆ ಒಂದು ಸಕ್ಕರೆ ಕಾಳೂ ಕೊಡುವುದಿಲ್ಲ.

ದೊಡ್ಡ ಹುಡುಗರ ಗುಂಪಾದರೆ

ಹದಿಮೂರು ಹದಿನಾಲ್ಕು ದಾಟಿದ ಹುಡುಗರಿಗೆ ಮೇಲಿನದ್ದು ಪೂರ್ತಿ ನಡೆಯುವುದಿಲ್ಲ. ಗುಂಪಿನ ಎದುರು ಒಬ್ಬನನ್ನು ಬೈದರೆ ಅವನು ಸೋಲಲು ಒಪ್ಪುವುದೇ ಇಲ್ಲ. ಎಲ್ಲರಿಗಿಂತ ಸುಮ್ಮನೆ ನಿಂತಿರುವವನನ್ನು ಪಕ್ಕಕ್ಕೆ ಕರೆದು, "ನೀವು" ಅಂತ ಬಹುವಚನದಲ್ಲಿ ಹೇಳಿ. "ಏನ್ರೋ" ಅಂದರೆ ಮುಗೀತು. ಕತ್ತಲಲ್ಲಿ, ಕೆರೆ ಏರಿ ಮೇಲೆ, ಒಬ್ಬರೇ ಇದ್ದಾಗ ಮಾತ್ರ ಈ ಸಾಹಸ ಬೇಡ. ದಾಟಿ ಹೋಗಿ, ಆಮೇಲೆ 112.

ಅಂಗಡಿ, ಹೋಟೆಲು ನಡೆಸುವವರಿಗೆ

ಆ ಕಾಫಿ ಚೆಲ್ಲಿದ ಮೇಲೆ ನಾವು ಗೋಡೆಗೆ ಬೋರ್ಡ್ ಹಾಕಿಸಿದೆವು. "ಮಕ್ಕಳನ್ನು ನಿಮ್ಮ ಜೊತೆಯಲ್ಲೇ ಕೂರಿಸಿಕೊಳ್ಳಿ. ಅನಾಹುತಕ್ಕೆ ಆಡಳಿತ ಮಂಡಳಿ ಹೊಣೆಯಲ್ಲ." ಆಡಳಿತ ಮಂಡಳಿ ಅಂದರೆ ನಾನು ಮತ್ತು ನಮ್ಮನೆಯವರು. ಒಬ್ಬರೂ ಓದಲಿಲ್ಲ.

ಈಗ ಅದನ್ನು ತೆಗೆದಿದ್ದೇವೆ. ಅಡುಗೆಮನೆ ಬಾಗಿಲಿನಿಂದ ಮೊದಲ ಟೇಬಲ್ ತನಕ ನೆಲದ ಮೇಲೆ ಎರಡು ಹಳದಿ ಗೆರೆ ಎಳೆಸಿದ್ದೇವೆ. ಮಕ್ಕಳ ಎದೆ ಮಟ್ಟಕ್ಕೆ, ಬಾಗಿಲ ಚೌಕಟ್ಟಿನ ಮೇಲೆ, ಹೊಗೆಯಾಡುವ ಲೋಟದ ಚಿತ್ರ. ಮಕ್ಕಳು ಬಂದು ಕೇಳುತ್ತವೆ, "ಆಂಟಿ, ಈ ಗೆರೆ ಯಾಕೆ?" ನಾನು ಗಲ್ಲಾದಿಂದ ಇಳಿದು, ಗೆರೆಯ ಹತ್ತಿರ ಕೂತು ಹೇಳುತ್ತೇನೆ, ಇದು ಬಿಸಿ ಕಾಫಿ ಹೋಗುವ ರಸ್ತೆ, ಇದರ ಮೇಲೆ ಕಾಫಿ ಅಣ್ಣ ಒಬ್ಬರೇ ಹೋಗಬಹುದು. ಹೇಳಿಸಿಕೊಂಡ ಮಗು ಅಲ್ಲೇ ಟ್ರಾಫಿಕ್ ಪೊಲೀಸ್ ಆಗಿಬಿಡುತ್ತದೆ. ಹೋದ ಭಾನುವಾರ ಒಬ್ಬಳು ಹುಡುಗಿ ಗೆರೆ ಪಕ್ಕ ನಿಂತು, ಕೈ ಅಡ್ಡ ಹಿಡಿದು, ಕೈ ತೊಳೆಯಲು ಹೊರಟಿದ್ದ ಅವಳ ತಾತನನ್ನೇ ತಡೆದಳು. ಸಪ್ಲೈಯರ್ ದಾಟಿ ಹೋದ ಮೇಲೆ "ಈಗ ಹೋಗು ತಾತ" ಅಂದಳು.